ಎಂಟರಿಂದ ಒಂಬತ್ತಕ್ಕೆ: ಮಗನ ತೇರ್ಗಡೆಗಾಗಿ ಕಳೆದ ಒಂದು ಬೇಸಿಗೆ

ನನ್ನ ಮಗ ಈಗ ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದಾನೆ. ಇಷ್ಟು ಸಾಮಾನ್ಯವಾದ ಮಾತನ್ನು ಅಳುಕಿಲ್ಲದೆ ಹೇಳುವ ಸ್ಥಿತಿಗೆ ಬರಲು ನಮಗೆ ಮಾರ್ಚ್ ಕೊನೆಯಿಂದ ಜೂನ್‌ವರೆಗೆ ಹಿಡಿಯಿತು. ಅವನು ಓದುವುದು ತಾಲ್ಲೂಕು ಕೇಂದ್ರವೊಂದರ ಅನುದಾನರಹಿತ ಖಾಸಗಿ ಶಾಲೆಯಲ್ಲಿ. ಪಠ್ಯಕ್ರಮ ರಾಜ್ಯದ್ದು, ಮಾಧ್ಯಮ ಇಂಗ್ಲಿಷ್. ಎಂಟನೇ ತರಗತಿಯವರೆಗೆ ಮಕ್ಕಳನ್ನು ಯಾರೂ ಫೇಲ್ ಮಾಡುವಂತಿಲ್ಲ ಎಂದು ನಾವೂ ಎಲ್ಲರಂತೆ ಕೇಳಿದ್ದೆವು. ಆ ನಿಯಮ ಇದ್ದೂ ಶಾಲೆಯೊಂದು ಮಗುವನ್ನು ಹೇಗೆ ತಡೆಹಿಡಿಯಬಲ್ಲದು ಎಂಬುದನ್ನು ಮಾತ್ರ ಈ ಬೇಸಿಗೆಯಲ್ಲಿಯೇ ಹತ್ತಿರದಿಂದ ಕಂಡೆವು. ಮುಂದಿನ ಮಾರ್ಚ್‌ನಲ್ಲಿ ಇದೇ ಮಾತನ್ನು ಕೇಳಬೇಕಾಗಿ ಬರುವ ಪೋಷಕರಿಗೆ ಉಪಯೋಗವಾಗಲೆಂದು, ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಹಿನ್ನೆಲೆ ಚಿಕ್ಕದು. ಕಳೆದ ಆಗಸ್ಟ್‌ನಲ್ಲಿ ಅವನಿಗೆ ಕಾಮಾಲೆಯಾಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಸುಸ್ತು ಇಳಿಯಲಿಲ್ಲ. ದಸರಾ ರಜೆ ಮುಗಿಯುವ ತನಕ ಅವನು ಶಾಲೆಗೆ ಹೋದದ್ದು ಅಲ್ಲೊಂದು ಇಲ್ಲೊಂದು ದಿನ. ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ ಮತ್ತು ಎರಡು ಸಂಕಲನಾತ್ಮಕ ಮೌಲ್ಯಮಾಪನ ನಡೆಯುತ್ತವೆ. ಮಕ್ಕಳ ಬಾಯಲ್ಲಿ ಅವು ಎಫ್‌ಎ ಮತ್ತು ಎಸ್‌ಎ. ಇವನಿಗೆ ಎರಡನೇ ಎಫ್‌ಎ ಮತ್ತು ಮೊದಲನೇ ಎಸ್‌ಎ ಎರಡೂ ತಪ್ಪಿದವು. ವೈದ್ಯಕೀಯ ಪ್ರಮಾಣಪತ್ರವನ್ನು ತರಗತಿ ಶಿಕ್ಷಕಿಯ ಕೈಗೇ ಕೊಟ್ಟಿದ್ದೆವು. ನವೆಂಬರ್ ನಂತರ ಹಾಜರಾತಿ ಸರಿಯಾಯಿತು, ಆದರೆ ಗಣಿತ ಮತ್ತು ವಿಜ್ಞಾನದಲ್ಲಿ ಅವನು ಹಿಂದೆ ಬಿದ್ದದ್ದು ಮನೆಯಲ್ಲಿ ನಮಗೂ ಕಾಣುತ್ತಿತ್ತು.

ಮಾರ್ಚ್‌ನಲ್ಲಿ ಎರಡನೇ ಎಸ್‌ಎ ಮುಗಿದ ಕೆಲವೇ ದಿನಗಳಲ್ಲಿ ಶಾಲೆಯಿಂದ ಕರೆ ಬಂದಿತು. ತಂದೆ ತಾಯಿ ಇಬ್ಬರೂ ಬರಬೇಕೆಂದು ಸೂಚನೆ. ಮುಖ್ಯೋಪಾಧ್ಯಾಯರ ಕೊಠಡಿಯ ಗೋಡೆಯ ಮೇಲೆ ಹಿಂದಿನ ವರ್ಷದ ಎಸ್ಎಸ್ಎಲ್‌ಸಿ ವಿದ್ಯಾರ್ಥಿಗಳ ಭಾವಚಿತ್ರಗಳ ಫ್ಲೆಕ್ಸ್ ಇತ್ತು, ಮೇಲೆ ದಪ್ಪಕ್ಷರದಲ್ಲಿ ಶೇಕಡಾ ನೂರು ಫಲಿತಾಂಶ ಎಂದು ಬರೆದಿತ್ತು. ಅವರು ಒರಟಾಗಿ ಮಾತನಾಡಲಿಲ್ಲ, ಅದನ್ನು ಹೇಳಲೇಬೇಕು. "ನೋಡಿ ಮೇಡಂ, ನಿಮ್ಮ ಮಗನ ಒಳ್ಳೆಯದಕ್ಕೇ ಹೇಳ್ತಿದೀವಿ. ಇನ್ನೊಂದು ವರ್ಷ ಎಂಟರಲ್ಲೇ ಇರಲಿ, ಬೇಸ್ ಗಟ್ಟಿಯಾಗ್ತದೆ. ಹೀಗೇ ಕಳಿಸಿದ್ರೆ ಹತ್ತರಲ್ಲಿ ನಮಗೂ ಕಷ್ಟ, ಅವನಿಗೂ ಕಷ್ಟ" ಎಂದರು. ನಾನು ಪ್ರಗತಿ ಪತ್ರವನ್ನು ಕೇಳಿ ನೋಡಿದೆ. ಗಣಿತ ಮತ್ತು ವಿಜ್ಞಾನದ ಮುಂದೆ ಸಿ ಎಂದಿತ್ತು, ಉಳಿದೆಡೆ ಬಿ ಮತ್ತು ಬಿ ಪ್ಲಸ್. ಸಿ ಎಂದರೆ ನೂರಕ್ಕೆ 30ಕ್ಕಿಂತ ಕಡಿಮೆ ಎಂದು ಅದರ ಹಿಂಬದಿಯಲ್ಲಿಯೇ ಅಚ್ಚಾಗಿದೆ. ಆದರೆ ಅನುತ್ತೀರ್ಣ ಎಂಬ ಪದ ಆ ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ. ಆ ಗ್ರೇಡ್ ಪದ್ಧತಿಯಲ್ಲಿ ಫೇಲ್ ಎಂಬ ದರ್ಜೆಯೇ ಇಲ್ಲ.

ಆಗ ಅವರು ಮೇಜಿನ ಖಾನೆಯಿಂದ ಒಂದು ಹಾಳೆ ತೆಗೆದರು. ಅದು ಕಂಪ್ಯೂಟರಿನಲ್ಲಿ ಅಚ್ಚು ಹಾಕಿಸಿದ ಮುಚ್ಚಳಿಕೆ ಪತ್ರ. ಪೋಷಕರ ಹೆಸರಿಗೆ, ವಿದ್ಯಾರ್ಥಿಯ ಹೆಸರಿಗೆ, ದಿನಾಂಕಕ್ಕೆ ಚುಕ್ಕಿಗಳ ಸಾಲು ಬಿಟ್ಟಿದ್ದರು. ಒಕ್ಕಣೆ ಹೀಗಿತ್ತು: "ನನ್ನ ಮಗ/ಮಗಳು ಕಲಿಕೆಯಲ್ಲಿ ಹಿಂದುಳಿದಿರುವುದರಿಂದ, ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ ಅವನನ್ನು/ಅವಳನ್ನು ಇದೇ ತರಗತಿಯಲ್ಲಿ ಮುಂದುವರಿಸಬೇಕೆಂದು ಕೋರಿಕೊಳ್ಳುತ್ತೇನೆ." ನಮ್ಮ ಯಜಮಾನರು ಜೇಬಿನಿಂದ ಪೆನ್ನು ತೆಗೆದೂ ಆಗಿತ್ತು, ಏಕೆಂದರೆ ಎದುರಿಗೆ ಕುಳಿತವರು ಮಾಸ್ತರರು, ನಾವು ಮಗುವಿನ ತಂದೆ ತಾಯಿ, ಅಂಥ ಕೊಠಡಿಯಲ್ಲಿ ಇಲ್ಲ ಎನ್ನುವುದು ಸುಲಭವಲ್ಲ. ನನಗೆ ಚುಚ್ಚಿದ್ದು ಕೋರಿಕೊಳ್ಳುತ್ತೇನೆ ಎಂಬ ಆ ಕೊನೆಯ ಪದ. ತಡೆಹಿಡಿಯುವ ಮಾತು ಶಾಲೆಯದ್ದು. ಕಾಗದದ ಮೇಲೆ ಅದು ನಮ್ಮ ಬೇಡಿಕೆಯಾಗಿ ಉಳಿಯುತ್ತಿತ್ತು. ಮನೆಯಲ್ಲಿ ಹಿರಿಯರೊಂದಿಗೆ ಮಾತನಾಡಿ ತಿಳಿಸುತ್ತೇವೆ ಎಂದೆ. ಪತ್ರವನ್ನು ಹೊರಗೆ ಕೊಡಲಾಗುವುದಿಲ್ಲ ಎಂದಾಗ, ಅವರ ಎದುರಿಗೇ ಡೈರಿಯ ಕೊನೆಯ ಪುಟದಲ್ಲಿ ಒಕ್ಕಣೆಯನ್ನು ಅಕ್ಷರಶಃ ಬರೆದುಕೊಂಡೆ. ಈ ಇಡೀ ಬರಹದಲ್ಲಿ ಒಂದೇ ಒಂದು ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ: ಎಂಟನೇ ತರಗತಿಯವರೆಗಿನ ಮಗುವನ್ನು ಅದೇ ತರಗತಿಯಲ್ಲಿ ಉಳಿಸಲು ಶಾಲೆಗೆ ಬೇಕಾಗಿರುವುದು ಅಂಕಗಳಲ್ಲ, ನಿಮ್ಮ ಸಹಿ.

ಮನೆಗೆ ಬಂದರೆ ಮಗನಿಗೆ ಎಲ್ಲ ಗೊತ್ತಿತ್ತು. ಕೂರಿಸುವ ಪಟ್ಟಿಯಲ್ಲಿರುವವರ ಹೆಸರುಗಳನ್ನು ತರಗತಿಯಲ್ಲಿ ಎಲ್ಲರ ಮುಂದೆ ಓದಿದ್ದರಂತೆ. ಅವನು ಅಳಲಿಲ್ಲ; "ಒಂಬತ್ತನೇ ಕ್ಲಾಸು ಮೇಲಿನ ಮಹಡೀಲಿ ಅಮ್ಮ, ಅವರೆಲ್ಲ ಮೇಲೆ ಹೋಗ್ತಾರೆ, ನಾನು ಕೆಳಗೇನಾ?" ಎಂದು ಮಾತ್ರ ಕೇಳಿದ. ನಮ್ಮ ಮಾವನವರಿಗೆ ಇದರಲ್ಲಿ ಅಂಥದ್ದೇನೂ ಕಾಣಲಿಲ್ಲ. ತಮ್ಮ ಕಾಲದಲ್ಲಿ ಏಳನೆಯ ಇಯತ್ತೆಯಲ್ಲಿ ಡುಮ್ಕಿ ಹೊಡೆದವರೇ ಮುಂದೆ ತಹಶೀಲ್ದಾರರಾದರು ಎಂಬುದು ಅವರ ವಾದ. ಅವರ ಮಾತನ್ನು ನಾನು ತಳ್ಳಿಹಾಕಲಿಲ್ಲ. ಗಣಿತ ಬಾರದ ಹುಡುಗನನ್ನು ಮೇಲಿನ ತರಗತಿಗೆ ತಳ್ಳುವುದರಿಂದ ಗಣಿತ ಬಂದುಬಿಡುವುದಿಲ್ಲ ಎಂಬುದು ನಿಜವೇ. ಆದರೆ ಅದೇ ಶಿಕ್ಷಕರು ಅದೇ ಪಾಠವನ್ನು ಅದೇ ರೀತಿಯಲ್ಲಿ ಇನ್ನೊಮ್ಮೆ ಮಾಡಿದರೆ ಬರುತ್ತದೆಯೇ? ಈ ಪ್ರಶ್ನೆಗೆ ಮುಖ್ಯೋಪಾಧ್ಯಾಯರ ಬಳಿ ಉತ್ತರವಿರಲಿಲ್ಲ. ವಿಶೇಷ ತರಗತಿಗಳ ವಿಚಾರವನ್ನು ಅವರು ಎತ್ತಿಯೂ ಇರಲಿಲ್ಲ. ಎಂಟನೇ ತರಗತಿಯ ಪೂರ್ತಿ ಶುಲ್ಕವನ್ನು ಇನ್ನೊಮ್ಮೆ ಕಟ್ಟಬೇಕು ಎಂಬುದನ್ನು ಮಾತ್ರ ಗುಮಾಸ್ತರು ಹೊರಗೆ ಬರುವಾಗ ನೆನಪಿಸಿದ್ದರು.

ಆ ವಾರ ರಾತ್ರಿಗಳಲ್ಲಿ ಕುಳಿತು ಕಾನೂನನ್ನು ಓದಿದೆ. ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, ಎಲ್ಲರೂ ಆರ್‌ಟಿಇ ಎನ್ನುವುದು, 2009ರದ್ದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 16ನೇ ಪ್ರಕರಣ ಮೂಲದಲ್ಲಿ ಬಹಳ ನೇರವಾಗಿತ್ತು: ಪ್ರಾಥಮಿಕ ಶಿಕ್ಷಣ ಮುಗಿಯುವ ತನಕ, ಅಂದರೆ ಎಂಟನೇ ತರಗತಿ ಮುಗಿಯುವ ತನಕ, ಯಾವ ಮಗುವನ್ನೂ ಯಾವ ತರಗತಿಯಲ್ಲಿಯೂ ತಡೆಹಿಡಿಯುವಂತಿಲ್ಲ, ಶಾಲೆಯಿಂದ ಹೊರಹಾಕುವಂತೆಯೂ ಇಲ್ಲ. 2019ರಲ್ಲಿ ಇದಕ್ಕೆ ತಿದ್ದುಪಡಿ ಬಂದಿತು. ಐದು ಮತ್ತು ಎಂಟನೇ ತರಗತಿಗಳಲ್ಲಿ ವರ್ಷದ ಕೊನೆಗೆ ಪರೀಕ್ಷೆ ನಡೆಸಬೇಕು; ಅದರಲ್ಲಿ ಹಿಂದೆ ಬಿದ್ದ ಮಗುವಿಗೆ ಹೆಚ್ಚುವರಿ ಬೋಧನೆ ಕೊಟ್ಟು, ಫಲಿತಾಂಶ ಬಂದ ಎರಡು ತಿಂಗಳೊಳಗೆ ಮರುಪರೀಕ್ಷೆಯ ಅವಕಾಶ ನೀಡಬೇಕು; ಅದರಲ್ಲಿಯೂ ಆಗದಿದ್ದರೆ ತಡೆಹಿಡಿಯಲು ಶಾಲೆಗಳಿಗೆ ಅನುಮತಿ ಕೊಡಬೇಕೇ ಬೇಡವೇ ಎಂಬುದನ್ನು ಆಯಾ ಸರ್ಕಾರ ತೀರ್ಮಾನಿಸಬಹುದು. ಕರ್ನಾಟಕ ಸರ್ಕಾರ ಅಂಥ ಅನುಮತಿಯನ್ನು ಕೊಟ್ಟಿಲ್ಲ. ಅಂದರೆ ನಮ್ಮ ಮಗನ ವಿಷಯದಲ್ಲಿ ಆ ತೀರ್ಮಾನವನ್ನು ಕೈಗೊಳ್ಳುವ ಅಧಿಕಾರವೇ ಶಾಲೆಗಿರಲಿಲ್ಲ. ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅಲ್ಪಸಂಖ್ಯಾತ ಸಂಸ್ಥೆಗಳೆಂದು ಮಾನ್ಯತೆ ಪಡೆದ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದೆ. ನಿಮ್ಮ ಮಗು ಓದುತ್ತಿರುವುದು ಅಂಥ ಶಾಲೆಯೇ ಎಂದು ಮೊದಲು ವಿಚಾರಿಸಿಕೊಳ್ಳಿ, ಇಲ್ಲವಾದರೆ ನಾನು ಹೋದ ದಾರಿಯಲ್ಲಿ ಹೋಗಿ ನಿರಾಶರಾಗಬೇಕಾದೀತು.

ಎರಡನೆಯ ಭೇಟಿಯಲ್ಲಿ ನಾನು ಕೇಳಿದ್ದು ಒಂದೇ. ಮಗನನ್ನು ತಡೆಹಿಡಿಯುವ ನಿರ್ಧಾರವನ್ನು ಶಾಲೆಯ ಲೆಟರ್‌ಹೆಡ್‌ನಲ್ಲಿ, ಕಾರಣ ಮತ್ತು ನಿಯಮದ ಉಲ್ಲೇಖದೊಂದಿಗೆ ಬರೆದುಕೊಡಿ ಎಂದೆ. ಮುಖ್ಯೋಪಾಧ್ಯಾಯರ ಧ್ವನಿ ಸ್ವಲ್ಪ ಬದಲಾಯಿತು. ಕೇಂದ್ರ ಸರ್ಕಾರವೇ ಫೇಲ್ ಮಾಡಬಹುದೆಂದು ನಿಯಮ ತಂದಿದೆ, ಪತ್ರಿಕೆಗಳಲ್ಲಿ ಬಂದಿತ್ತಲ್ಲ ಎಂದರು. ಬಂದಿತ್ತು ನಿಜ. 2024ರ ಡಿಸೆಂಬರ್‌ನಲ್ಲಿ ಕೇಂದ್ರವು ಆರ್‌ಟಿಇ ನಿಯಮಗಳಿಗೆ ತಿದ್ದುಪಡಿ ತಂದಿತು. ಆದರೆ ಅದು ಕೇಂದ್ರೀಯ ವಿದ್ಯಾಲಯ, ನವೋದಯ ವಿದ್ಯಾಲಯ, ಸೈನಿಕ ಶಾಲೆಗಳಂಥ ಕೇಂದ್ರದ ಅಧೀನದ ಶಾಲೆಗಳಿಗೆ ಸಂಬಂಧಿಸಿದ್ದು. ಅಲ್ಲಿಯೂ ಐದು ಮತ್ತು ಎಂಟನ್ನು ಬಿಟ್ಟು ಬೇರೆ ತರಗತಿಗಳಲ್ಲಿ ಕೂರಿಸುವಂತಿಲ್ಲ, ಮರುಪರೀಕ್ಷೆಯಿಲ್ಲದೆ ಕೂರಿಸುವಂತಿಲ್ಲ. ಪರೀಕ್ಷೆಯು ಕಂಠಪಾಠವನ್ನು ಅಳೆಯುವಂಥದ್ದಾಗಿರಬಾರದು. ತಡೆಹಿಡಿದ ಮಕ್ಕಳ ಪಟ್ಟಿಯನ್ನು ಮುಖ್ಯಸ್ಥರೇ ಇಟ್ಟುಕೊಂಡು ಅವರ ಕಲಿಕೆಯ ಮೇಲೆ ಖುದ್ದಾಗಿ ನಿಗಾ ಇಡಬೇಕು. ಇದನ್ನು ನಾನು ಹೇಳಿದಾಗ ಅವರು ವಾದಕ್ಕೆ ಇಳಿಯಲಿಲ್ಲ. ಬದಲಿಗೆ ಇನ್ನೊಂದು ದಾರಿ ತೋರಿಸಿದರು: ವರ್ಗಾವಣೆ ಪ್ರಮಾಣಪತ್ರವನ್ನು ತೆಗೆದುಕೊಂಡು ಹೋಗುವುದಾದರೆ ಅದರಲ್ಲಿ ಒಂಬತ್ತನೇ ತರಗತಿಗೆ ತೇರ್ಗಡೆಯಾಗಿದ್ದಾನೆ ಎಂದೇ ಬರೆದುಕೊಡುತ್ತೇವೆ.

ಈ ಮಾತನ್ನು ಅರಗಿಸಿಕೊಳ್ಳಲು ನನಗೆ ಸ್ವಲ್ಪ ಸಮಯ ಬೇಕಾಯಿತು. ಅದೇ ಹುಡುಗ, ಅದೇ ಅಂಕಗಳು. ಶಾಲೆಯಲ್ಲಿ ಉಳಿದರೆ ಎಂಟಕ್ಕೂ ಸಾಲದವನು, ಶಾಲೆ ಬಿಟ್ಟರೆ ಒಂಬತ್ತಕ್ಕೆ ಅರ್ಹ. ಗೋಡೆಯ ಮೇಲಿದ್ದ ಫ್ಲೆಕ್ಸಿಗೂ ಈ ಮಾತಿಗೂ ಇದ್ದ ಸಂಬಂಧವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಆ ದಾರಿಯನ್ನೂ ನೋಡಿಯೇ ಬಿಡೋಣವೆಂದು ಊರಿನ ಇತರ ಶಾಲೆಗಳಲ್ಲಿ ವಿಚಾರಿಸಿದೆವು. ಒಂದು ಕಡೆ ಒಂಬತ್ತಕ್ಕೆ ಸೀಟೇ ಇಲ್ಲ ಎಂದರು. ಇನ್ನೊಂದು ಕಡೆ ಪ್ರವೇಶ ಪರೀಕ್ಷೆ ಬರೆಯಬೇಕಿತ್ತು; ಪ್ರವೇಶ ಶುಲ್ಕವೆಂದೇ 30 ಸಾವಿರ, ಅದರ ಮೇಲೆ ಬೋಧನಾ ಶುಲ್ಕ, ಸಮವಸ್ತ್ರ, ವ್ಯಾನಿನ ಬಾಡಿಗೆ. ಸರ್ಕಾರಿ ಪ್ರೌಢಶಾಲೆಯ ಮುಖ್ಯ ಶಿಕ್ಷಕರು ಮಾತ್ರ ಕೂರಿಸಿ ಮಾತನಾಡಿಸಿದರು, ಟಿಸಿ ತಂದರೆ ಸೇರಿಸಿಕೊಳ್ಳುವುದಾಗಿ ಹೇಳಿದರು. ಅದು ನಮ್ಮ ಮನಸ್ಸಿನಲ್ಲಿ ಕೊನೆಯವರೆಗೂ ಒಂದು ಧೈರ್ಯವಾಗಿ ಉಳಿಯಿತು. ಟಿಸಿ ಕೇಳುವುದಕ್ಕೆ ಮೊದಲು ಸೇರಬೇಕಾದ ಶಾಲೆಯನ್ನು ಖಚಿತಪಡಿಸಿಕೊಳ್ಳಿ. ಒಮ್ಮೆ ಟಿಸಿ ಕೈಗೆ ಬಂದರೆ ಹಳೆಯ ಶಾಲೆಯೊಂದಿಗೆ ಮಾತನಾಡಲು ನಿಮಗೆ ಯಾವ ಹಿಡಿತವೂ ಉಳಿಯುವುದಿಲ್ಲ.

ಲಿಖಿತ ಉತ್ತರ ಬಾರದಿದ್ದಾಗ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಅಂದರೆ ಬಿಇಒ ಅವರಿಗೆ, ಮನವಿ ಕೊಡುವುದೆಂದು ತೀರ್ಮಾನಿಸಿದೆವು. ಮನವಿಯಲ್ಲಿ ಶಾಲೆಯನ್ನು ದೂಷಿಸುವ ಒಂದು ಪದವನ್ನೂ ಬರೆಯಲಿಲ್ಲ. ಮಗನ ಹೆಸರು, ಎಸ್‌ಎಟಿಎಸ್ ಸಂಖ್ಯೆ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೂ ಕೊಡುವ ಗುರುತಿನ ಸಂಖ್ಯೆ), ಕಾಯಿಲೆಯ ಅವಧಿ, ತಪ್ಪಿದ ಮೌಲ್ಯಮಾಪನಗಳು, ಶಾಲೆಯವರು ಮೌಖಿಕವಾಗಿ ಹೇಳಿದ ಮಾತು, 16ನೇ ಪ್ರಕರಣದ ಉಲ್ಲೇಖ, ಕೊನೆಗೆ ಎರಡೇ ಕೋರಿಕೆ: ಒಂಬತ್ತನೇ ತರಗತಿಗೆ ತೇರ್ಗಡೆ ಮಾಡಿಸಬೇಕು, ರಜೆಯಲ್ಲಿ ಪರಿಹಾರ ಬೋಧನೆ ಕೊಡಿಸಬೇಕು. ಜೊತೆಗೆ ಪ್ರಗತಿ ಪತ್ರ, ಶುಲ್ಕ ಕಟ್ಟಿದ ರಸೀದಿ, ಆಧಾರ್ ಮತ್ತು ವೈದ್ಯಕೀಯ ದಾಖಲೆಗಳ ಜೆರಾಕ್ಸ್ ಬೇಕಿತ್ತು.

ತೊಡಕು ಎದುರಾದದ್ದು ಈ ಕೊನೆಯದರಲ್ಲಿ. ತರಗತಿ ಶಿಕ್ಷಕಿಗೆ ಕೊಟ್ಟಿದ್ದ ವೈದ್ಯಕೀಯ ಪ್ರಮಾಣಪತ್ರ ಶಾಲೆಯ ಕಡತದಲ್ಲಿ ಸಿಗಲಿಲ್ಲ. ಆ ಶಿಕ್ಷಕಿ ಡಿಸೆಂಬರ್‌ನಲ್ಲಿಯೇ ಕೆಲಸ ಬಿಟ್ಟಿದ್ದರು. ಹೊಸಬರಿಗೆ ಅದರ ಸುಳಿವೇ ಇರಲಿಲ್ಲ. ತಪ್ಪಿದ ಎರಡೂ ಮೌಲ್ಯಮಾಪನಗಳ ಜಾಗದಲ್ಲಿ ಗೈರುಹಾಜರು ಎಂದು ಬರೆದು ಸೊನ್ನೆ ಹಾಕಿ ಸರಾಸರಿ ತೆಗೆದಿದ್ದರು, ಸಿ ಗ್ರೇಡಿನ ಮೂಲ ಅಲ್ಲಿತ್ತು. ಬರೆದ ಪರೀಕ್ಷೆಗಳನ್ನಷ್ಟೇ ಲೆಕ್ಕ ಹಾಕಿದರೆ ವಿಜ್ಞಾನದಲ್ಲಿ ಅವನು ಬಿಗೆ ಏರುತ್ತಿದ್ದ, ಗಣಿತದಲ್ಲಿ ಏರುತ್ತಿರಲಿಲ್ಲ. ಆಸ್ಪತ್ರೆಗೆ ಹೋಗಿ ಬಿಡುಗಡೆಯ ಸಾರಾಂಶದ ಇನ್ನೊಂದು ಪ್ರತಿಯನ್ನು ತೆಗೆಸಿದೆವು; ಹಳೆಯ ಕಡತವನ್ನು ಹುಡುಕಿಸಲು ಅರ್ಜಿ, ಶುಲ್ಕ, ಕಾಯುವಿಕೆ ಎಲ್ಲವೂ ಇದ್ದವು. ಶಾಲೆಗೆ ಯಾವ ಕಾಗದವನ್ನು ಕೊಟ್ಟರೂ ಅದರ ಇನ್ನೊಂದು ಪ್ರತಿಯ ಮೇಲೆ ದಿನಾಂಕ ಸಹಿತ ಮೊಹರು ಹಾಕಿಸಿಕೊಳ್ಳಿ. ಶಿಕ್ಷಕರ ಮೇಲಿನ ಅಪನಂಬಿಕೆಯಿಂದ ಈ ಮಾತು ಹೇಳುತ್ತಿಲ್ಲ. ಖಾಸಗಿ ಶಾಲೆಗಳಲ್ಲಿ ಶಿಕ್ಷಕರು ನಡುವರ್ಷದಲ್ಲಿಯೇ ಬದಲಾಗುತ್ತಾರೆ, ಕಾಗದಗಳು ಅವರ ಜೊತೆಗೇ ಹೋಗುತ್ತವೆ.

ಏಪ್ರಿಲ್ ತಿಂಗಳು ಶಿಕ್ಷಣ ಇಲಾಖೆಯ ಕಚೇರಿಗಳಿಗೆ ಬಿಡುವಿನ ತಿಂಗಳಲ್ಲ. ಎಸ್ಎಸ್ಎಲ್‌ಸಿ ಕೆಲಸದಲ್ಲಿ ಅಧಿಕಾರಿಗಳು ಒಂದು ಕಡೆ, ಸಿಬ್ಬಂದಿ ಇನ್ನೊಂದು ಕಡೆ. ಟಪಾಲು ವಿಭಾಗದಲ್ಲಿ ಮನವಿ ಕೊಟ್ಟು ಸ್ವೀಕೃತಿ ಸಂಖ್ಯೆ ಪಡೆಯುವುದು ಅರ್ಧ ಗಂಟೆಯ ಕೆಲಸವಾಯಿತು. ಅದು ವಿಷಯ ನಿರ್ವಾಹಕರ ಮೇಜಿಗೆ ಬಂದಿದೆ ಎಂದು ತಿಳಿದುಕೊಳ್ಳಲು ಮಾತ್ರ ಹಲವು ದಿನ ಅಲೆಯಬೇಕಾಯಿತು. ನಾನು ಕೆಲಸಕ್ಕೆ ಹೋಗುವವಳು; ಮಧ್ಯಾಹ್ನದ ಅನುಮತಿ, ಅರ್ಧ ದಿನದ ರಜೆ ಎಂದು ಹೊಂದಿಸಿಕೊಳ್ಳುತ್ತಲೇ ಹೋದೆ. ವಿಷಯ ನಿರ್ವಾಹಕರು ವಯಸ್ಸಾದವರು, ಸಮಾಧಾನಿ. ಮನವಿ ಓದಿ, "ಅಲ್ಲಮ್ಮಾ, ಇದು ಬರೀ ನಿಮ್ಮ ಮನೆ ಕಥೆಯಲ್ಲ, ಪ್ರತಿ ವರ್ಷ ಬರ್ತಾರೆ. ಆದ್ರೆ ಹೆಚ್ಚಿನವರು ಸಹಿ ಮಾಡಿದ ಮೇಲೆ ಬರ್ತಾರೆ" ಎಂದರು. ಐದು, ಎಂಟು ಮತ್ತು ಒಂಬತ್ತನೇ ತರಗತಿಗಳಿಗೆ ರಾಜ್ಯಮಟ್ಟದ ಬೋರ್ಡ್ ಪರೀಕ್ಷೆ ನಡೆಸಲು ಹೋದದ್ದು, 2024ರ ಮಾರ್ಚ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿದ್ದು, ವಿಭಾಗೀಯ ಪೀಠ ಮತ್ತೆ ಅವಕಾಶ ಕೊಟ್ಟದ್ದು, ಮಕ್ಕಳು ಪರೀಕ್ಷೆ ಬರೆದು ಮುಗಿಸಿದ ಮೇಲೆ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ನೀಡಿದ್ದು, ಇವನ್ನೆಲ್ಲ ಅವರು ನೆನಪಿಸಿಕೊಂಡರು. ಆ ಗೊಂದಲದಿಂದಾಗಿ ಎಂಟರಲ್ಲಿ ಫೇಲ್ ಇದೆಯೋ ಇಲ್ಲವೋ ಎಂಬ ಅನುಮಾನ ಪೋಷಕರಲ್ಲಿ ಇನ್ನೂ ಉಳಿದಿದೆ, ಕೆಲವು ಶಾಲೆಗಳಿಗೆ ಅದು ಅನುಕೂಲವಾಗಿದೆ ಎಂಬುದು ಅವರ ಅಭಿಪ್ರಾಯ. ನನಗೂ ಹಾಗೆಯೇ ಅನ್ನಿಸುತ್ತದೆ.

ಮಧ್ಯದಲ್ಲಿ ಶಾಲೆಗಳ ಗುಂಪೊಂದನ್ನು (ಕ್ಲಸ್ಟರ್) ನೋಡಿಕೊಳ್ಳುವ ಇಲಾಖೆಯ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿಯೊಬ್ಬರು ಫೋನ್ ಮಾಡಿ, ಶಾಲೆಯವರಿಗೆ ಬಾಯಿಮಾತಿನಲ್ಲಿ ಹೇಳಿಸುತ್ತೇನೆ, ಮನವಿ ಹಿಂದಕ್ಕೆ ತೆಗೆದುಕೊಳ್ಳಿ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬೇಕು. ಇಡೀ ಪ್ರಕರಣವು ಬಾಯಿಮಾತಿನಿಂದಲೇ ಆರಂಭವಾಗಿದ್ದರಿಂದ ನಾವು ಒಪ್ಪಲಿಲ್ಲ. ಬಿಇಒ ಕಚೇರಿಯಲ್ಲಿ ಕೆಲಸವಾಗದಿದ್ದರೆ ಮುಂದೆ ಜಿಲ್ಲೆಯ ಉಪನಿರ್ದೇಶಕರಿದ್ದಾರೆ, ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ. ಮನವಿಯ ಮೇಲೆ ಏನು ಕ್ರಮವಾಯಿತೆಂದು ತಿಳಿಯಲು 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯನ್ನೂ ಆ ಕಚೇರಿಗೆ ಹಾಕಬಹುದು, 30 ದಿನಗಳಲ್ಲಿ ಉತ್ತರ ಕೊಡಬೇಕಾಗುತ್ತದೆ. ನಮಗೆ ಅಷ್ಟು ದೂರ ಹೋಗುವ ಪ್ರಮೇಯ ಬರಲಿಲ್ಲ. ಏಪ್ರಿಲ್ ಕೊನೆಯ ವಾರದಲ್ಲಿ ಕಚೇರಿಯಿಂದ ಶಾಲೆಗೆ ಒಂದು ಪುಟದ ಪತ್ರ ಹೋಯಿತು, ಅದರ ಪ್ರತಿ ನಮಗೂ ಬಂದಿತು. ನಿಯಮಾನುಸಾರ ಕ್ರಮ ವಹಿಸಿ, ಕೈಗೊಂಡ ಕ್ರಮದ ಬಗ್ಗೆ ವರದಿ ಸಲ್ಲಿಸುವುದು ಎಂಬುದಷ್ಟೇ ಅದರ ಸಾರ. ಆ ಎರಡು ಸಾಲಿನ ಸರ್ಕಾರಿ ಕನ್ನಡ ನನಗೆ ಅಂದು ಎಷ್ಟು ಹಿತವಾಗಿ ಕೇಳಿಸಿತೆಂದರೆ, ಅದನ್ನು ಮನೆಯಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದೆ.

ಶಾಲೆಯವರು ಮತ್ತೆ ಕರೆದರು. ಮುಚ್ಚಳಿಕೆಯ ಮಾತು ಏಳಲಿಲ್ಲ. ಮೇ ತಿಂಗಳಲ್ಲಿ ಗಣಿತ ಮತ್ತು ವಿಜ್ಞಾನಕ್ಕೆ ಪರಿಹಾರ ಬೋಧನೆ ನಡೆಸಿ, ಶಾಲೆ ಆರಂಭವಾಗುವ ಮೊದಲು ಒಂದು ಪರೀಕ್ಷೆ ಕೊಡುತ್ತೇವೆ, ಪಟ್ಟಿಯಲ್ಲಿದ್ದ ಎಲ್ಲ ಮಕ್ಕಳೂ ಬರಲಿ ಎಂದರು. ಪರೀಕ್ಷೆಯ ಫಲಿತಾಂಶ ಏನೇ ಬಂದರೂ ತೇರ್ಗಡೆಗೆ ಅದು ಅಡ್ಡಿಯಾಗಬಾರದೆಂದು ನಾನು ಕೇಳಿದೆ, ಅವರು ಒಪ್ಪಿದರು. ಅಷ್ಟಾದ ಮೇಲೆ ಆ ಪರೀಕ್ಷೆಯನ್ನು ನಾವೂ ಗಂಭೀರವಾಗಿಯೇ ತೆಗೆದುಕೊಂಡೆವು. ಕಾನೂನಿನ ಬಲದಿಂದ ಒಂಬತ್ತಕ್ಕೆ ಹೋಗಿ ಅಲ್ಲಿ ಕಂಗಾಲಾಗಿ ಕೂರುವುದರಿಂದ ಹುಡುಗನಿಗೆ ಸಿಗುವುದೇನೂ ಇರಲಿಲ್ಲ.

ಆ ತಿಂಗಳು ಗಣಿತ ಹೇಳಿಕೊಟ್ಟವರು ಹೊಸದಾಗಿ ಸೇರಿದ್ದ ಯುವ ಶಿಕ್ಷಕರು. ಮೊದಲ ದಿನವೇ ಅವರು ಎಂಟನೇ ತರಗತಿಯ ಪುಸ್ತಕವನ್ನು ಮುಚ್ಚಿಟ್ಟು, ಮೂರನೇ ಒಂದಕ್ಕೆ ಅರ್ಧ ಸೇರಿಸಿದರೆ ಎಷ್ಟು ಎಂದು ಕೇಳಿದರಂತೆ. ನನ್ನ ಮಗ ಐದನೇ ಎರಡು ಎಂದ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದ. ಅವನ ಮೂಲ ಸಮಸ್ಯೆ ಕಾಮಾಲೆಯದ್ದಲ್ಲ, ಎಂಟನೇ ತರಗತಿಯದ್ದೂ ಅಲ್ಲ. ಭಿನ್ನರಾಶಿ ಅವನಿಗೆ ಕೆಳಗಿನ ತರಗತಿಗಳಲ್ಲಿಯೇ ಸರಿಯಾಗಿ ಬಂದಿರಲಿಲ್ಲ. ಸಮೀಕರಣಗಳಲ್ಲಿ ಸಮಚಿಹ್ನೆಯ ಆಚೆಗೆ ಹೋದರೆ ಕೂಡಿಸುವುದು ಕಳೆಯುವುದಾಗುತ್ತದೆ ಎಂದು ಬಾಯಿಪಾಠ ಮಾಡಿಕೊಂಡಿದ್ದನೇ ಹೊರತು, ಎರಡೂ ಬದಿಯಲ್ಲಿ ಒಂದೇ ಕೆಲಸ ಮಾಡುತ್ತಿದ್ದೇವೆ ಎಂಬುದು ಅವನಿಗೆ ತಿಳಿದಿರಲಿಲ್ಲ. ಎಂಟರಲ್ಲಿ ಇನ್ನೊಂದು ವರ್ಷ ಕೂತಿದ್ದರೂ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲವೇನೋ. ಪಟ್ಟಿಯಲ್ಲಿದ್ದ ಇತರ ಮಕ್ಕಳ ಕಥೆಯೂ ಬಹುಪಾಲು ಇದೇ ಆಗಿತ್ತು ಎಂದು ಆ ಶಿಕ್ಷಕರು ಆಮೇಲೆ ಹೇಳಿದರು. ಫೇಲ್ ಮಾಡಬಾರದೆಂಬ ನಿಯಮವನ್ನು ಏನೂ ಕಲಿಸದೆ ಮುಂದೆ ಕಳುಹಿಸುವುದಕ್ಕೆ ಬಳಸುವ ಶಾಲೆಗಳ ಮೇಲೂ ನನಗೆ ಅಷ್ಟೇ ಸಿಟ್ಟಿದೆ. ನಿರಂತರ ಮೌಲ್ಯಮಾಪನವೆಂಬುದು ಆ ನಿಯಮದ ಜೊತೆಗೇ ಕಾಯ್ದೆಯಲ್ಲಿ ಬಂದದ್ದು. ಆರನೇ ತರಗತಿಯ ಒಂದು ಎಫ್‌ಎಯಲ್ಲಿಯಾದರೂ ಆ ಐದನೇ ಎರಡು ಕಾಣಿಸಿರಲೇಬೇಕು.

ಮೇ ಕೊನೆಯಲ್ಲಿ ನಡೆದ ಪರೀಕ್ಷೆಯಲ್ಲಿ ಗಣಿತದಲ್ಲಿ ಅವನಿಗೆ 50ಕ್ಕೆ 24 ಬಂದಿತು. ಶಾಲೆ ಆರಂಭವಾದಾಗ ಅವನ ಹೆಸರು ಒಂಬತ್ತನೇ ತರಗತಿಯ ಹಾಜರಿ ಪುಸ್ತಕದಲ್ಲಿತ್ತು, ಪಟ್ಟಿಯಲ್ಲಿದ್ದ ಇತರ ಮಕ್ಕಳ ಹೆಸರುಗಳೂ ಇದ್ದವು. ಇಬ್ಬರು ಮಾತ್ರ ಏಪ್ರಿಲ್‌ನಲ್ಲಿಯೇ ಟಿಸಿ ತೆಗೆದುಕೊಂಡು ಹೋಗಿದ್ದರು. ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಸಾಲದು. ಇಲಾಖೆಯ ಎಸ್‌ಎಟಿಎಸ್ ತಂತ್ರಾಂಶದಲ್ಲಿ ಮಗುವಿನ ಪ್ರಸಕ್ತ ತರಗತಿ ಏನೆಂದು ಬಂದಿದೆ ಎಂಬುದನ್ನು ಗುಮಾಸ್ತರಿಗೆ ಹೇಳಿ ತೆರೆಸಿ ನೋಡಿ. ಎಂಟು ಎಂದೇ ಉಳಿದಿದ್ದರೆ ಕೂಡಲೇ ಸರಿಪಡಿಸಲು ಹೇಳಿ. ನಮ್ಮದು ಜೂನ್ ಮೊದಲ ವಾರದಲ್ಲಿ ಸರಿಯಾಯಿತು. ಪ್ರಾಥಮಿಕ ಶಿಕ್ಷಣವನ್ನು ಪೂರೈಸಿದ ಪ್ರತಿ ಮಗುವಿಗೂ ಪ್ರಮಾಣಪತ್ರ ಕೊಡಬೇಕೆಂದು ಆರ್‌ಟಿಇಯ 30ನೇ ಪ್ರಕರಣದಲ್ಲಿದೆ; ಅದನ್ನೂ ಕೇಳಿ ಪಡೆದುಕೊಂಡೆವು.

ಖರ್ಚಿನ ಲೆಕ್ಕ ಹೇಳಬೇಕೆಂದರೆ, ಜೆರಾಕ್ಸ್, ಆಸ್ಪತ್ರೆಯ ಶುಲ್ಕ, ಓಡಾಟ ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ನನ್ನ ರಜೆಗಳನ್ನು ಇದಕ್ಕೆ ಸೇರಿಸಿಲ್ಲ. ಎಂಟನೇ ತರಗತಿಯ ಶುಲ್ಕವನ್ನು ಇನ್ನೊಮ್ಮೆ ಕಟ್ಟುವುದಕ್ಕೆ ಹೋಲಿಸಿದರೆ ಇದು ಏನೇನೂ ಅಲ್ಲ. ಕಚೇರಿಯಲ್ಲಿ ಯಾರೂ ನಮ್ಮಿಂದ ಕಾಸು ಕೇಳಲಿಲ್ಲ ಎಂಬುದನ್ನೂ ದಾಖಲಿಸುತ್ತೇನೆ.

ಇನ್ನು ಒಂಬತ್ತನೇ ತರಗತಿಯ ಮಾತು. ಆರ್‌ಟಿಇಯ ರಕ್ಷಣೆ ಎಂಟಕ್ಕೆ ಮುಗಿಯುತ್ತದೆ. ಒಂಬತ್ತರಿಂದ ಹತ್ತಕ್ಕೆ ಹೋಗುವ ಮಗುವನ್ನು ತಡೆಯಬಾರದೆಂಬ ನಿಯಮ ಆ ಕಾಯ್ದೆಯಲ್ಲಿಲ್ಲ, ಮತ್ತು ನಮ್ಮಲ್ಲಿ ಮಕ್ಕಳನ್ನು ನಿಜವಾಗಿ ಸೋಸುವುದು ಅಲ್ಲಿಯೇ. ಸಿಬಿಎಸ್‌ಇ ಶಾಲೆಗಳಲ್ಲಿ ಒಂಬತ್ತರ ತೇರ್ಗಡೆಗೆ ಪ್ರತಿ ವಿಷಯದಲ್ಲಿ ಶೇಕಡಾ 33 ಬೇಕೆಂಬುದಾದರೂ ಸ್ಪಷ್ಟವಾಗಿದೆ. ನಮ್ಮ ಶಾಲೆಯಲ್ಲಿ ಕೇಳಿದರೆ ಒಬ್ಬೊಬ್ಬ ಶಿಕ್ಷಕರು ಒಂದೊಂದು ಹೇಳಿದರು. ಎಸ್ಎಸ್ಎಲ್‌ಸಿಯಲ್ಲಿ 2024ರಿಂದ ಒಂದೇ ವರ್ಷದಲ್ಲಿ ಪರೀಕ್ಷೆ ಒಂದು, ಎರಡು ಎಂದು ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ. ಹತ್ತರಲ್ಲಿ ಬಿದ್ದವನಿಗೆ ಸರ್ಕಾರವೇ ಮತ್ತೆ ಎದ್ದು ನಿಲ್ಲಲು ಬಿಡುವಾಗ, ಆ ಪರೀಕ್ಷೆಗೆ ಕೂರುವುದಕ್ಕೂ ಮೊದಲೇ ಒಂಬತ್ತರಲ್ಲಿ ಮಗುವನ್ನು ಸೋಸಿಬಿಡುವುದರಲ್ಲಿ ಯಾವ ನ್ಯಾಯವಿದೆ ಎಂದು ನನಗೆ ತಿಳಿಯುವುದಿಲ್ಲ. ಹಾಗೂ ತೀರ ಇಕ್ಕಟ್ಟಾದರೆ 14 ವರ್ಷ ತುಂಬಿದ ಮಕ್ಕಳು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡು ಹತ್ತನೇ ತರಗತಿಯ ಪರೀಕ್ಷೆ ಬರೆಯಬಹುದು ಎಂಬುದನ್ನು ತಿಳಿದಿರಿ.

ಜೂನ್‌ನಲ್ಲಿ ನಡೆದ ಪೋಷಕರ ಸಭೆಯಲ್ಲಿ ನಾನು ಎದ್ದು ನಿಂತು, ಒಂಬತ್ತರಿಂದ ಹತ್ತಕ್ಕೆ ಕಳುಹಿಸಲು ಶಾಲೆಯ ಮಾನದಂಡ ಏನು, ಅನಾರೋಗ್ಯದಿಂದ ಮೌಲ್ಯಮಾಪನ ತಪ್ಪಿದರೆ ಸೊನ್ನೆ ಹಾಕುತ್ತೀರೋ ಮತ್ತೆ ಬರೆಸುತ್ತೀರೋ, ಮರುಪರೀಕ್ಷೆ ಉಂಟೋ ಇಲ್ಲವೋ ಎಂಬುದನ್ನು ಈಗಲೇ ಬರೆದುಕೊಡಿ ಎಂದು ಕೇಳಿದೆ. ಹಿಂದಿನ ಸಾಲುಗಳಲ್ಲಿದ್ದ ಪೋಷಕರೂ ದನಿಗೂಡಿಸಿದರು. ಎರಡು ವಾರದ ನಂತರ ಮಕ್ಕಳ ಡೈರಿಯಲ್ಲಿ ಒಂದು ಸುತ್ತೋಲೆಯನ್ನು ಅಂಟಿಸಿ ಕಳುಹಿಸಿದರು. ವೈದ್ಯಕೀಯ ದಾಖಲೆ ಕೊಟ್ಟವರಿಗೆ ತಪ್ಪಿದ ಮೌಲ್ಯಮಾಪನವನ್ನು ಹದಿನೈದು ದಿನಗಳೊಳಗೆ ಮತ್ತೆ ನಡೆಸಲಾಗುವುದು ಎಂದು ಅದರಲ್ಲಿದೆ. ಮರುಪರೀಕ್ಷೆಯ ವಿಷಯವನ್ನು ಮುಂದೆ ತಿಳಿಸಲಾಗುವುದು ಎಂದು ಬರೆದಿದ್ದಾರೆ; ಅದಕ್ಕಾಗಿ ನಾವು ಕೆಲವರು ಪೋಷಕರು ಸೇರಿ ಸಹಿ ಮಾಡಿದ ಇನ್ನೊಂದು ಪತ್ರವನ್ನು ಕಳೆದ ಸೋಮವಾರ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡು ಬಂದಿದ್ದೇವೆ.